ಹಾಲೆಂಡಿನ ಒಡ್ಡಿಗೆ ರಾಮದುರ್ಗದ ಎಳೆ

ರಾಮದುರ್ಗ

ನಾನು ವಿದೇಶಕ್ಕೆ ಹೋಗುತ್ತೇನೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. ನನ್ನ ಗಂಡ ಈರಪ್ಪನಂತೂ ಪಾಸ್‌ಪೋರ್ಟನ್ನು ಮೂರು ಸಲ ತಿರುವಿ, ಫೋಟೋದಲ್ಲಿ ಇರುವವಳು ತನ್ನ ಹೆಂಡತಿಯೇ ಹೌದೋ ಅಲ್ಲವೋ ಎಂದು ಬಾಗಿಲಿನ ಬೆಳಕಿಗೆ ಹಿಡಿದು ನೋಡಿದ. ಬೆಳಗಾವಿ ಜಿಲ್ಲೆ ದಾಟಿ ನಾನು ಹೋದದ್ದೆಂದರೆ ಶ್ರೀಶೈಲಕ್ಕೆ ಒಂದು ಸಲ, ಪಂಢರಪುರಕ್ಕೆ ಒಂದು ಸಲ. ಐವತ್ತೆರಡನೇ ವಯಸ್ಸಿಗೆ ಹಾಲೆಂಡಿಗೆ ಹೊರಟಿದ್ದೆ, ಅದೂ ವಿಜ್ಞಾನಿಗಳ ಸಂಗಡ.

ಕಾರಣ ನನ್ನ ಕೈಕಸುಬು. ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದೆಳೆಗಳ ಸಾಲು, ಮುಗಿಯುತ್ತ ಬಂದಾಗ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಜೋಡಿಸಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಗಂಟು ಹಾಕುವುದಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎರಡು ತುದಿ ಹಿಡಿದು, ಬತ್ತಿ ಹೊಸೆದ ಹಾಗೆ ಒಂದು ಹೊಸೆತ. ಎರಡು ಎಳೆ ಒಂದಾಗುತ್ತವೆ, ಕೂಡಿದ ಜಾಗ ಕಣ್ಣಿಗೂ ಕಾಣದು. ಇಬ್ಬರು ಹೆಂಗಸರು ಎದುರುಬದುರು ಕೂತು, ಒಬ್ಬಳು ಎಳೆ ಆರಿಸಿ ಕೊಟ್ಟರೆ ಇನ್ನೊಬ್ಬಳು ಕೆಚ್ಚುತ್ತ ಹೋಗುತ್ತಾಳೆ. ಮಾತು ಮಾತ್ರ ನಿಲ್ಲಬಾರದು. ಸುಮ್ಮನೆ ಕೂತರೆ ಕಣ್ಣಿಗೆ ಜೋಂಪು ಹತ್ತಿ ಎಳೆ ತಪ್ಪುತ್ತದೆ ಎಂದು ನನ್ನ ಅತ್ತೆ ಕಲಿಸಿದ್ದಳು. ಹೀಗಾಗಿ ರಾಮದುರ್ಗದಲ್ಲಿ ಕೆಚ್ಚುವ ಹೆಂಗಸರಿಗೆ ಗೊತ್ತಿಲ್ಲದ ಸುದ್ದಿಯೇ ಇಲ್ಲ.

ಇಲ್ಲ ಅನ್ನುವುದಕ್ಕಿಂತ ಇರಲಿಲ್ಲ ಅನ್ನಬೇಕು. ಎಳೆ ಕಟ್ಟುವ ಮಷಿನ್ ಬಂದ ಮೇಲೆ ನಮ್ಮನ್ನು ಕರೆಯುವವರು ಕಡಿಮೆಯಾದರು. ನಮ್ಮ ಓಣಿಯಲ್ಲೇ ಹತ್ತಾರು ಮಂದಿ ಕೈಕಟ್ಟಿ ಕೂತರು. ಬಂಗಾರದಂಥ ಬೆರಳುಗಳು ಹೊಲದಲ್ಲಿ ಕಸ ಕೀಳಲು ಹೋದವು.

ಹೋದ ವರ್ಷ ಬೈಲಹೊಂಗಲದ ಶಬಾನಾ ಮೇಡಂ ನಮ್ಮ ಮನೆ ಹುಡುಕಿಕೊಂಡು ಬಂದರು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರು, ಅವರ ತಂದೆ ದೊಡವಾಡದ ಬಸ್ಸಿಗೆ ಡ್ರೈವರ್ ಆಗಿದ್ದವರು. ಅವರೂ ಹಾಲೆಂಡಿನ ವಿಜ್ಞಾನಿಗಳೂ ಕೂಡಿ ಒಂದು ಬಟ್ಟೆ ಮಾಡುತ್ತಿದ್ದರು. ಅದರೊಳಗೆ ಬೆಳ್ಳಿ ಲೇಪಿಸಿದ ಎಳೆಗಳು. ಆ ಬಟ್ಟೆಯನ್ನು ಕಾಲುವೆಯ ಒಡ್ಡಿನ ಮಣ್ಣಿನಲ್ಲಿ ಉದ್ದಕ್ಕೂ ಹುಗಿದಿಟ್ಟರೆ, ನೀರು ಎಲ್ಲಿ ಒಳಗೊಳಗೇ ಜಿನುಗುತ್ತಿದೆ ಎಂದು ಒಡ್ಡು ಒಡೆಯುವ ಮೊದಲೇ ತಿಳಿಸುತ್ತದೆ. ಸವದತ್ತಿ ಕಡೆಯ ಎರೆಮಣ್ಣಿನ ಒಡ್ಡಿಗೂ ಅದು ಬೇಕು, ಸಮುದ್ರಕ್ಕೇ ಒಡ್ಡು ಕಟ್ಟಿ ಬದುಕುವ ಹಾಲೆಂಡಿಗೂ ಬೇಕು. ತೊಡಕು ಒಂದೇ. ಬೆಳ್ಳಿ ಎಳೆ ಉದ್ದಕ್ಕೆ ಸಿಗುವುದಿಲ್ಲ, ನಡುನಡುವೆ ಜೋಡಿಸಬೇಕು. ಗಂಟು ಹಾಕಿದರೆ ಲೇಪ ಬಿರಿಯುತ್ತದೆ, ಅಂಟು ಹಚ್ಚಿದರೆ ಕರೆಂಟು ಹಾಯುವುದಿಲ್ಲ, ಕಾಯಿಸಿದರೆ ಎಳೆಯೇ ಸುಟ್ಟುಹೋಗುತ್ತದೆ. ಮೇಡಂ ಕೊಟ್ಟ ಹತ್ತು ಎಳೆಗಳನ್ನು ನಾನು ಚಹಾ ಕುದಿಯುವುದರೊಳಗೆ ಕೆಚ್ಚಿಕೊಟ್ಟೆ. ಮೂರು ದಿನದ ಮೇಲೆ ಅವರ ಫೋನು ಬಂತು. ಹತ್ತರಲ್ಲೂ ಕರೆಂಟು ಹಾಯ್ದಿತ್ತು.

ಈ ಸಂಶೋಧನೆಗೆ ಎರಡೂ ದೇಶದ ಸರ್ಕಾರಗಳು ಸರಿಪಾಲು ಹಣ ಹಾಕುತ್ತವೆ. ಮೊದಲ ಹಂತ ಮುಗಿದಿತ್ತು. ಎರಡನೇ ಹಂತಕ್ಕೆ ಎರಡೂ ಕಡೆಯ ಪರೀಕ್ಷಕರು ಹಾಲೆಂಡಿನಲ್ಲಿ ಕೂತು ಬಟ್ಟೆ ನೋಡಿ ಹೂಂ ಅನ್ನಬೇಕಿತ್ತು.

"ಜೋಡೆತ್ತಿನ ಗಾಡಿ ಇದ್ಹಂಗ್ರಿ ಇದು, ನೀಲಕ್ಕಾರ," ಎಂದು ಮೇಡಂ ತಿಳಿಸಿ ಹೇಳಿದರು. "ಒಂದು ಎತ್ತು ಕುಂತ್ರೂ ಗಾಡಿ ಮುಂದ ಹೋಗೂದಿಲ್ಲ. ಎರಡೂ ಎದ್ವು ಅಂದ್ರ, ಮುಂದಿನ ನೇಯ್ಗಿ ಎಲ್ಲಾ ರಾಮದುರ್ಗದಾಗ."

ಮಷಿನ್ ಇರುವ ಪರದೇಶದ ಗಿರಣಿಯೊಂದಕ್ಕೇ ನೇಯ್ಗೆ ಕೊಡೋಣ ಎನ್ನುವವರೂ ಇದ್ದರಂತೆ. ಅದನ್ನು ಕೇಳಿದ ಮೇಲೆ ನಾನು ಕೂತಲ್ಲಿ ಕೂರಲಿಲ್ಲ. ಗೆದ್ದೇ ಬರುತ್ತೇನೆ, ನಿಮಗೆಲ್ಲ ಕೆಲಸ ತಂದೇ ತರುತ್ತೇನೆ ಎಂದು ಓಣಿಗೆಲ್ಲ ಡಂಗುರ ಹೊಡೆದೆ. ನನಗೆ ಮೊದಲಿಂದಲೂ ಬಾಯಿ ಜೋರು.

ಶನಿವಾರ, ಇಳಿದದ್ದು

ವಿಮಾನದ ಸುದ್ದಿ ಬೇಡ. ಕಿವಿ ಮುಚ್ಚಿಕೊಂಡವು, ಕಾಲು ಬಾತವು, ಕೊಟ್ಟ ಅನ್ನದಲ್ಲಿ ಉಪ್ಪಿರಲಿಲ್ಲ. ಕಥೆ ಶುರುವಾದದ್ದು ಇಳಿದ ಮೇಲೆ. ಸಾಮಾನು ತಪಾಸಣೆ ಮಾಡುವ ಪೊಲೀಸಿನವ ನನ್ನ ಚೀಲದಿಂದ ವಿಭೂತಿ ಗಟ್ಟಿಯನ್ನು ತೆಗೆದು ಮೂಗಿನ ಹತ್ತಿರ ಹಿಡಿದ. ಬಿಳಿ ಪುಡಿ! ಇನ್ನೊಬ್ಬನನ್ನು ಕರೆದ. ಅವನು ನಾಯಿಯನ್ನು ಕರೆತಂದ. ಮೇಡಂ ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ಅವರ ಮುಖವೇ ಬಿಳಿಚಿಕೊಂಡಿತ್ತು. ನಾನು ನೋಡುವಷ್ಟು ನೋಡಿ, ಗಟ್ಟಿಯನ್ನು ಅವನ ಕೈಯಿಂದ ಇಸಿದುಕೊಂಡು, ಮೂರು ಬೆರಳಿಂದ ಹಣೆಗೆ ಹಚ್ಚಿಕೊಂಡು ತೋರಿಸಿದೆ. ಆಮೇಲೆ ನಿನಗೂ ಹಚ್ಚಲೇ ಎಂದು ಕೈ ಮುಂದೆ ಮಾಡಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ನಗುತ್ತ ದಾರಿ ಬಿಟ್ಟ. ನಾಯಿ ನನ್ನ ಸೀರೆಯ ಅಂಚು ಮೂಸಿ ಸೀನಿತು.

ನೆಲ ನೋಡಿದರೆ ಸವದತ್ತಿಯ ಎರೆ ಹೊಲದ ಹಾಗೆ ಕಣ್ಣು ಹರಿಯುವಷ್ಟು ದೂರ ಸಮತಟ್ಟು. ಗುಡ್ಡ ಹೋಗಲಿ, ಒಂದು ದಿಬ್ಬವೂ ಇಲ್ಲ. ಕಾರಿನಲ್ಲಿ ಹೋಗುತ್ತಿದ್ದಾಗ ಬಲಗಡೆಗೆ ನನ್ನ ತಲೆಯ ಮೇಲಿನ ಎತ್ತರದಲ್ಲಿ ಒಂದು ದೋಣಿ ಹೊರಟಿತ್ತು. ಮೊದಲು ನಿದ್ದೆಗಣ್ಣು ಅಂದುಕೊಂಡೆ. ಅಲ್ಲ, ಕಾಲುವೆಯೇ ರಸ್ತೆಗಿಂತ ಮೇಲಿತ್ತು, ನಡುವೆ ಹುಲ್ಲು ಬೆಳೆದ ಒಂದು ಮಣ್ಣಿನ ಒಡ್ಡು ಅಷ್ಟೇ. ನಮ್ಮ ಕಡೆ ನೀರು ಎಲ್ಲಿದೆ ಎಂದು ಕೊಳವೆ ಬಾವಿಯೊಳಗೆ ಬಗ್ಗಿ ನೋಡುತ್ತೇವೆ. ಇಲ್ಲಿ ತಲೆ ಎತ್ತಿ ನೋಡಬೇಕು. ಈ ಮಂದಿ ರಾತ್ರಿ ಹೇಗೆ ನಿದ್ದೆ ಮಾಡುತ್ತಾರೋ ಶಿವನೇ ಬಲ್ಲ.

ಊರಿನ ಹೆಸರು ಬರೆಯಬೇಕು, ಆದರೆ ಅದರ ನಡುವೆ ಕಫ ತೆಗೆಯುವಂಥ ಒಂದು ಸದ್ದಿದೆ. ಏಳು ದಿನ ಪ್ರಯತ್ನಪಟ್ಟರೂ ನನ್ನ ನಾಲಿಗೆಗೆ ಅದು ಒಗ್ಗಲಿಲ್ಲ, ಬರವಣಿಗೆಗೂ ಒಗ್ಗುವ ಹಾಗಿಲ್ಲ.

ಭಾನುವಾರ, ಹುಟ್ಟುಹಬ್ಬ

ಪ್ರಯೋಗಾಲಯದಲ್ಲಿ ಮಗ್ಗ ನೋಡಿಕೊಳ್ಳುವ ಆನೆಕೆ ಎಂಬ ಹೆಂಗಸು ನಮ್ಮನ್ನು ಮನೆಗೆ ಕರೆದಿದ್ದಳು. ನನ್ನಷ್ಟೇ ವಯಸ್ಸು, ಗಂಡಸಿನಂಥ ಕ್ರಾಪು, ನಕ್ಕರೆ ಮನೆಯೆಲ್ಲ ಕೇಳಬೇಕು. ಅವತ್ತು ಅವಳ ಹುಟ್ಟುಹಬ್ಬ. ಒಳಗೆ ಕಾಲಿಟ್ಟರೆ ಅಲ್ಲಿದ್ದ ಹದಿನೈದು ಮಂದಿಯೂ ಒಬ್ಬೊಬ್ಬರಾಗಿ ಎದ್ದು ಬಂದು ನನ್ನ ಕೈ ಕುಲುಕಿ ನನಗೇ ಅಭಿನಂದನೆ ಹೇಳಿದರು. ಹುಟ್ಟಿದವಳು ಅವಳು, ಕೈ ಕುಲುಕುವುದು ನನ್ನದು! ಅಲ್ಲಿಯ ಪದ್ಧತಿ ಹಾಗೆ. ಬಂಧುಗಳಿಗೂ ಗೆಳೆಯರಿಗೂ ಎಲ್ಲರಿಗೂ ಹೇಳಬೇಕು. ಸುಮ್ಮನೆ ನಿಂತು ಆಶೀರ್ವಾದ ಮಾಡಿಬಿಟ್ಟೆ.

ಎಲ್ಲರೂ ಗೋಡೆಗುಂಟ ದುಂಡಗೆ ಕುರ್ಚಿ ಹಾಕಿಕೊಂಡು ಕೂತರು. ಚಹಾ ಬಂತು, ಬಿಸ್ಕತ್ತಿನ ಡಬ್ಬಿ ಬಂತು. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡ ಕೂಡಲೇ ಮುಚ್ಚಳ ಮುಚ್ಚಿ ಡಬ್ಬಿ ಒಳಗೆ ಹೋಯಿತು. ನಮ್ಮ ಕಡೆ ಬೇಡ ಬೇಡ ಎಂದರೂ ತಾಟಿಗೆ ಬೀಳುವುದು ನಿಲ್ಲುವುದಿಲ್ಲ. ಇಲ್ಲಿ ನಾಚಿಕೆಗೆ ಒಂದು ಸಲ ಬೇಡ ಅಂದರೆ ಮುಗಿಯಿತು, ನಿಜವೆಂದು ನಂಬಿಬಿಡುತ್ತಾರೆ. ನಾನು ನಾಚಿಕೆಗೆ ಬೇಡ ಅಂದವಳು ಹಸಿದ ಹೊಟ್ಟೆಯಲ್ಲೇ ವಾಪಸು ಬಂದು, ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದೆ. ಮೇಡಂ ಕೂಡ ನನ್ನ ಹಾಗೇ ಬೇಡ ಅಂದಿದ್ದರು. ಇಬ್ಬರೂ ಕೂಡಿ ಆರು ರೊಟ್ಟಿ ಮುಗಿಸಿದೆವು.

ಸೋಮವಾರ, ಮಗ್ಗದ ಮುಂದೆ

ಪ್ರಯೋಗಾಲಯವೆಂದರೆ ದವಾಖಾನೆಯ ಆಪರೇಷನ್ ಕೋಣೆಯ ಹಾಗಿತ್ತು. ಬಿಳಿ ಅಂಗಿ, ತಲೆಗೆ ಟೋಪಿ, ಕೈಗೆ ರಬ್ಬರಿನ ಗ್ಲೌಸು. ಅಲ್ಲಿಯ ಮುಖ್ಯ ವಿಜ್ಞಾನಿ ಹೆಂಕ್ ಎಂಬವರು ನನ್ನನ್ನು ಬರಮಾಡಿಕೊಂಡರು. ಎಷ್ಟು ಎತ್ತರವೆಂದರೆ, ಅವರ ಸಂಗಡ ಮಾತಾಡಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಶುಕ್ರವಾರ ಪರೀಕ್ಷಕರು ಬರುತ್ತಾರೆ, ಅಷ್ಟರೊಳಗೆ ಬಟ್ಟೆ ಆಗಬೇಕು ಎಂದರು.

ಗ್ಲೌಸು ಹಾಕಿಕೊಂಡು ಎಳೆ ಹಿಡಿದೆ. ಎಳೆ ಸಿಕ್ಕಿತೋ ಇಲ್ಲವೋ ಗೊತ್ತೇ ಆಗದು. ಕಂಬಳಿ ಹೊದ್ದು ಸೂಜಿಗೆ ದಾರ ಪೋಣಿಸಿದ ಹಾಗೆ. ಮೆಲ್ಲಗೆ ಗ್ಲೌಸು ಕಳಚಿ ತೊಡೆಯ ಮೇಲಿಟ್ಟುಕೊಂಡೆ, ಯಾರೂ ನೋಡಲಿಲ್ಲ. ಆಮೇಲೆ ಕೈ ತನ್ನಷ್ಟಕ್ಕೆ ತಾನು ಓಡತೊಡಗಿತು. ಆರುನೂರು ಚಿಲ್ಲರೆ ಎಳೆ, ಊಟದ ಹೊತ್ತಿಗೆ ಮುಗಿದವು. ಹೆಂಕ್ ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದರು. ಪ್ರತಿ ಎಳೆಯಲ್ಲೂ ಕರೆಂಟು ಹಾಯಿಸಿ ನೋಡಿದರು. ಒಂದೂ ಸತ್ತಿರಲಿಲ್ಲ. ಎಲ್ಲರೂ ಕೆಲಸ ಬಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಕುರ್ಚಿಯ ಮೇಲೆ ರಾಣಿಯ ಹಾಗೆ ಕೂತಿದ್ದೆ. ಸಂಜೆಯೊಳಗೆ ಆನೆಕೆ ಬಟ್ಟೆ ನೇಯ್ದು ಮುಗಿಸಿದಳು.

ಮಂಗಳವಾರ, ಕೆಂಪು ಗೆರೆ

ಮರುದಿನ ಬೆಳಿಗ್ಗೆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಕಂಪ್ಯೂಟರಿಗೆ ಜೋಡಿಸಿದರು. ಒಣ ಬಟ್ಟೆ, ಸುತ್ತಮುತ್ತ ನೀರಿನ ಹನಿಯೂ ಇಲ್ಲ. ಪರದೆಯ ಮೇಲೆ ಮಾತ್ರ ಕೆಂಪು ಗೆರೆ ಎದ್ದಿತು. ಇಲ್ಲಿ ಹಸಿ ಇದೆ ಎಂದು ಬಟ್ಟೆ ಹೇಳುತ್ತಿತ್ತು. ಅದೂ ಎಲ್ಲಿ? ಸರಿಯಾಗಿ ನಾನು ಕೆಚ್ಚಿದ ಸಾಲಿನಲ್ಲಿ.

ಎಳೆ ಕೆಟ್ಟಿರಬಹುದೆಂದರು, ಯಂತ್ರ ಕೆಟ್ಟಿರಬಹುದೆಂದರು. ಹನ್ನೆರಡು ಗಂಟೆಯವರೆಗೆ ಎಲ್ಲವನ್ನೂ ಬಿಚ್ಚಿ ಕಟ್ಟಿದರು. ಗೆರೆ ಅಳಿಯಲಿಲ್ಲ. ಕೊನೆಗೆ ಹೆಂಕ್ ಮೆಲ್ಲಗೆ ಏನೋ ಹೇಳಿದರು, ಮೇಡಂ ನನಗೆ ಅದನ್ನು ಹೇಳಲು ತಡವರಿಸಿದರು. ಕೈಯ ಜೋಡಣೆಯಲ್ಲೇ ಈ ದೋಷ ಇರಬಹುದಂತೆ. ಗಿರಣಿಯವರು ಮಷಿನ್ನಿನಲ್ಲಿ ಗಂಟು ಹಾಕಿಸಿದ ಬಟ್ಟೆಯೊಂದು ಕಪಾಟಿನಲ್ಲಿತ್ತು. ಅದರಲ್ಲಿ ಅರ್ಧ ಎಳೆ ಸತ್ತಿದ್ದವು, ಆದರೆ ಬದುಕಿದ ಎಳೆಗಳು ಸುಳ್ಳು ಹೇಳುತ್ತಿರಲಿಲ್ಲ. ಗುರುವಾರದೊಳಗೆ ದಾರಿ ಕಾಣದಿದ್ದರೆ ಅದನ್ನೇ ತೋರಿಸಬೇಕಾಗುತ್ತದೆ.

ಊಟಕ್ಕೆ ಕೈ ತೊಳೆಯಲು ಹೋದೆ. ಸೊಂಟದಲ್ಲಿ ಸಿಕ್ಕಿಸಿದ್ದ ಸಣ್ಣ ಡಬ್ಬಿ ಜಾರಿ ತೊಟ್ಟಿಗೆ ಬಿತ್ತು, ಮುಚ್ಚಳ ತೆರೆದು ನೀರೆಲ್ಲ ಬೆಳ್ಳಗಾಯಿತು.

ಬೂದಿ. ಕೆಚ್ಚುವಾಗ ಎಳೆ ಜಾರದಿರಲೆಂದು ನಾವು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತೇವೆ. ಊರಲ್ಲಿ ಒಲೆಯ ಬೂದಿ ಸಾಕು. ಪರದೇಶ, ಸ್ವಚ್ಛವಾದದ್ದಿರಲಿ ಎಂದು ವಿಭೂತಿಯನ್ನೇ ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಕೊಂಡಿದ್ದೆ. ಮೂವತ್ತು ವರ್ಷದ ರೂಢಿ. ಹತ್ತು ಎಳೆಗೊಮ್ಮೆ ಕೈ ಸೊಂಟಕ್ಕೆ ಹೋಗುತ್ತದೆ, ಬೆರಳು ಅದ್ದುತ್ತದೆ, ತಲೆಗೆ ಸುದ್ದಿಯೇ ಇಲ್ಲ. ಉಸಿರಾಡಿದ್ದನ್ನು ಯಾರಾದರೂ ನೆನಪಿಡುತ್ತಾರೆಯೇ?

ಹೊರಗಿನ ಬೆಂಚಿನ ಮೇಲೆ ಕೂತು ಗಂಡನಿಗೆ ಫೋನು ಹಚ್ಚಿದೆ. ಊರಲ್ಲಿ ಸಂಜೆಯಾಗಿತ್ತು. ನಾನು ಬಾಯಿಬಿಟ್ಟರೆ ರಾಮದುರ್ಗದವರು ಅಡ್ಡಕಸುಬಿಗಳು ಎಂದಾಗುತ್ತದೆ, ಬಿಡದಿದ್ದರೆ ಕೈಕೆಲಸವೇ ಕೆಟ್ಟದ್ದು ಎಂದಾಗುತ್ತದೆ, ಎರಡರಲ್ಲೂ ನಮ್ಮ ಹೆಂಗಸರ ಅನ್ನ ಹೋಗುತ್ತದೆ ಎಂದು ಅತ್ತುಬಿಟ್ಟೆ. ಅವನು ಎಲ್ಲ ಕೇಳಿಸಿಕೊಂಡ.

"ತಪ್ಪ ಮಾಡಿದ್ದು ಬೆರಳು," ಎಂದ. "ಬಾಯಿಗೆ ಯಾಕ ಕೀಲಿ ಹಾಕೀದಿ? ಊರ ಮುಂದ ಅಷ್ಟ ಒದರತಿದ್ದಿ. ಹೋಗಿ ಹೇಳ."

ಮದುವೆಯಾದಾಗಿನಿಂದ ನಾನು ಅವನ ಒಂದು ಮಾತನ್ನೂ ಮರುಮಾತಿಲ್ಲದೆ ಕೇಳಿದವಳಲ್ಲ. ಅವತ್ತು ಕೇಳಿದೆ. ಒಳಗೆ ಹೋಗಿ, ಖಾಲಿ ಡಬ್ಬಿಯನ್ನೂ ವಿಭೂತಿ ಗಟ್ಟಿಯನ್ನೂ ಹೆಂಕ್ ಅವರ ಮೇಜಿನ ಮೇಲಿಟ್ಟೆ.

"ಬಟ್ಟಿ ಸುಳ್ಳ ಹೇಳಾಕತ್ತಿಲ್ರಿ," ಎಂದೆ. "ನಾನ ಬೂದಿ ಹಚ್ಚಿ ಕೆಚ್ಚೀನಿ."

ಮೇಡಂ ಕಣ್ಣು ಮುಚ್ಚಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಹೆಂಕ್ ಬೈಯುತ್ತಾರೆಂದು ತಲೆ ಬಗ್ಗಿಸಿ ನಿಂತಿದ್ದೆ. ಅವರು ಗಟ್ಟಿಯನ್ನು ಕೈಗೆತ್ತಿಕೊಂಡು ಓಡಿದರು. ಓಡಿದರು ಎಂದರೆ ನಿಜಕ್ಕೂ ಓಡಿದರು. ಎರಡು ಜೊತೆ ಎಳೆ ಕೆಚ್ಚಿಸಿದರು, ಒಂದು ಬೂದಿ ಹಚ್ಚಿ, ಒಂದು ಹಚ್ಚದೆ. ಬೂದಿಯದಕ್ಕೆ ಕೆಂಪು ಗೆರೆ, ಇನ್ನೊಂದಕ್ಕೆ ಏನೂ ಇಲ್ಲ. ಬೂದಿ ಗಾಳಿಯ ತೇವ ಕುಡಿಯುತ್ತದೆ, ಬೆರಳ ತುದಿಯಷ್ಟು ಬೂದಿ ಕುಡಿದ ತೇವವನ್ನೂ ಬಟ್ಟೆ ಹಿಡಿದು ತೋರಿಸಿತ್ತು. ಇಷ್ಟು ಸೂಕ್ಷ್ಮವಾಗಿ ಹಿಡಿಯುತ್ತದೆಂದು ಮಾಡಿದವರಿಗೇ ಗೊತ್ತಿರಲಿಲ್ಲವಂತೆ. ಅವರು ಮೇಡಂ ಸಂಗಡ ನಗುವುದನ್ನು ನೋಡಿ ನನಗೆ ಹೋದ ಜೀವ ಬಂದಂತಾಯಿತು.

ಬುಧವಾರ, ಎರಡು ಭಾಷೆ ಒಂದು ಹಾಸು

ಕಾರಣ ಸಿಕ್ಕಿತು, ಬಟ್ಟೆ ಹೋಯಿತು. ಹೊಸದಾಗಿ ಎಲ್ಲ ಎಳೆ ಕೆಚ್ಚಬೇಕು, ಬೂದಿ ಇಲ್ಲದೆ. ಬರಿ ಬೆರಳಲ್ಲಿ ಆ ಬೆಳ್ಳಿ ಎಳೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಬೆಳಿಗ್ಗೆ ಒಂದು ತಾಸಿನಲ್ಲಿ ಹನ್ನೆರಡು ಎಳೆಯೂ ಆಗಲಿಲ್ಲ. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಸಿಟ್ಟು ಮಾಡುವುದು?

ಸೆರಗಿನಿಂದ ಬೆವರು ಒರೆಸಿಕೊಳ್ಳುವಾಗ ಬೆರಳಿಗೆ ನೂಲು ಒರಟಾಗಿ ತಾಕಿತು. ನಮ್ಮ ಮನೆಯ ಮಗ್ಗದಲ್ಲೇ ನೇಯ್ದ ನೂಲಿನ ಸೀರೆ. ಅದು ಬೆರಳನ್ನೇ ಹಿಡಿಯುತ್ತದೆ ಎಂದ ಮೇಲೆ ಎಳೆಯನ್ನು ಬಿಟ್ಟೀತೇ? ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದೆ. ಆನೆಕೆ ಹೌಹಾರಿ ಎದ್ದಳು. ಮೇಡಂ ತಿಳಿಸಿ ಹೇಳಿದ ಮೇಲೆ ಅವಳೇ ಆ ಪಟ್ಟಿಗಳನ್ನು ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಮೂರು ಸಲ ಕುದಿಸಿ, ಒಣಗಿಸಿ, ನನ್ನ ಹೆಬ್ಬೆರಳಿಗೂ ತೋರುಬೆರಳಿಗೂ ಬಿಗಿಯಾಗಿ ಸುತ್ತಿದಳು. ಹಿಡಿದೆ, ಹೊಸೆದೆ. ನಿಂತಿತು.

ಆದರೂ ಕೈ ಓಡಲಿಲ್ಲ. ಏನು ಕಡಿಮೆಯಾಗಿದೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಎದುರಿಗೆ ಯಾರೂ ಇರಲಿಲ್ಲ, ಮಾತಿರಲಿಲ್ಲ. ಆನೆಕೆಯ ಕೈ ಹಿಡಿದು ಎದುರಿಗೆ ಕೂಡಿಸಿ, ಎಳೆ ಆರಿಸಿ ಕೊಡುವುದನ್ನು ತೋರಿಸಿದೆ. ಮಾತಾಡು ಎಂದು ಬಾಯಿಗೆ ಕೈ ಹಚ್ಚಿ ಸನ್ನೆ ಮಾಡಿದೆ. ಅವಳಿಗೆ ಅದನ್ನು ಕಲಿಸುವ ಅಗತ್ಯವಿರಲಿಲ್ಲ. ಅವಳು ತನ್ನ ಭಾಷೆಯಲ್ಲಿ, ನಾನು ಕನ್ನಡದಲ್ಲಿ, ಆಗಿನಿಂದ ಹೊತ್ತು ಮುಳುಗುವವರೆಗೆ. ರಾಮದುರ್ಗದಲ್ಲಿ ಯಾರಿಗೂ ಹೇಳದ ನಮ್ಮ ಓಣಿಯ ಗುಟ್ಟುಗಳನ್ನೆಲ್ಲ ಅವಳಿಗೆ ಹೇಳಿ ಹಗುರಾದೆ. ಅವಳು ಒಮ್ಮೆ ಕಣ್ಣೀರು ಹಾಕಿದಳು, ನಾನೂ ಹಾಕಿದೆ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಕೊನೆಯ ನಲವತ್ತು ಎಳೆಗಳನ್ನು ಆನೆಕೆಯೇ ಕೆಚ್ಚಿದಳು, ಅದರಲ್ಲಿ ನಾಲ್ಕನ್ನಷ್ಟೇ ನಾನು ಬಿಚ್ಚಿ ಮತ್ತೆ ಮಾಡಿದೆ.

ಗುರುವಾರ ಬಟ್ಟೆ ಮಗ್ಗದಿಂದ ಇಳಿಯಿತು. ಮೇಜಿನ ಮೇಲೆ ಹಾಸಿ ಎಲ್ಲರೂ ಪರದೆ ನೋಡುತ್ತ ನಿಂತೆವು. ಒಣ ಬಟ್ಟೆ ನಾನು ಒಣಗಿದ್ದೇನೆ ಎಂದೇ ಹೇಳಿತು.

ಶುಕ್ರವಾರ, ಪರೀಕ್ಷಕರ ಮುಂದೆ

ಮೂವರು ಬಂದರು. ಹಾಲೆಂಡಿನವರು ಇಬ್ಬರು, ದಿಲ್ಲಿಯಿಂದ ಬಂದ ಹಿರಿಯ ಅಧಿಕಾರಿ ಒಬ್ಬರು. ಗಾಜಿನ ದೊಡ್ಡ ತೊಟ್ಟಿಯಲ್ಲಿ ಮಣ್ಣಿನ ಒಡ್ಡು ಕಟ್ಟಿ ನಮ್ಮ ಬಟ್ಟೆಯನ್ನು ಅದರೊಳಗೆ ಹುಗಿದಿದ್ದರು. ಹಾಲೆಂಡಿನ ಪರೀಕ್ಷಕಿ ಕನ್ನಡಕದ ಮೇಲಿಂದ ನೋಡುವ ಬಿಗಿ ಮುಖದ ಹೆಂಗಸು. ನಮ್ಮನ್ನೆಲ್ಲ ಹೊರಗೆ ಕಳಿಸಿ, ತನಗೆ ಬೇಕಾದ ಒಂದು ಜಾಗದಲ್ಲಿ ಕೊಳವೆಯಿಂದ ನೀರು ಬಿಟ್ಟಳು. ಒಳಗೆ ಬಂದು ನೋಡಿದರೆ ಪರದೆಯ ಮೇಲೆ ಕೆಂಪು ಗೆರೆ ಎದ್ದಿತ್ತು. ಅವಳು ಅಳತೆಪಟ್ಟಿ ಹಿಡಿದು ಅಳೆದಳು. ಬೆರಳಗಲವೂ ಆಚೀಚೆ ಇರಲಿಲ್ಲ.

ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಅವಳು ಹೆಂಕ್ ಬರೆದ ವರದಿಯನ್ನು ತೆಗೆದಳು. ಬೂದಿಯ ಕಥೆಯೆಲ್ಲ ಅದರಲ್ಲಿತ್ತು! ಇವನ ಹೆಣ ಎತ್ತಲಿ, ಎಲ್ಲ ಸರಿಯಾದ ಮೇಲೆ ಇದನ್ನು ಬರೆಯುವ ಅವಶ್ಯಕತೆ ಏನಿತ್ತು ಎಂದು ಹಲ್ಲು ಕಡಿದೆ. ಆದದ್ದನ್ನೆಲ್ಲ ಬರೆಯುವುದೇ ಅವರ ಧರ್ಮವೆಂದು ಮೇಡಂ ಕಿವಿಯಲ್ಲಿ ಹೇಳಿದರು. ಪರೀಕ್ಷಕಿಯ ಪ್ರಶ್ನೆ ನೇರ ನನಗೇ ಇತ್ತು. ಕೈಯಿಂದ ಮಾಡುವವರು ತಪ್ಪು ಮಾಡುತ್ತಾರೆ. ನಾಳೆ ದೂರದ ಊರಿನಲ್ಲಿ ಇನ್ನೊಬ್ಬರು ಹೀಗೇ ಮಾಡಿದರೆ ನಮಗೆ ಹೇಗೆ ತಿಳಿಯಬೇಕು?

ಕೈಕಟ್ಟಿ ಕೂತ ನಮ್ಮ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು. ಎದ್ದು ನಿಂತೆ.

"ನಮ್ಮ ಕೈ ತಪ್ಪಿದ್ರ ನಾವ ಬಂದು ಹೇಳತೇವ್ರಿ," ಎಂದೆ. "ಮಷಿನ್ ಬಂದು ಹೇಳತೈತೇನ್ರಿ?"

ಮೇಡಂ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಪರೀಕ್ಷಕಿ ವರದಿಯನ್ನು ಮುಚ್ಚಿ, ನನ್ನ ಹತ್ತಿರ ಬಂದು ನನ್ನ ಬಲಗೈಯನ್ನು ಹಿಡಿದು ಬೆರಳುಗಳನ್ನು ತಿರುವಿ ನೋಡಿದಳು.

ಒಂದು ತಾಸು ಹೊರಗೆ ಕೂಡಿಸಿದರು. ಆ ಒಂದು ತಾಸಿನಲ್ಲಿ ನಾನು ನೆನೆಯದ ದೇವರಿಲ್ಲ. ಮೇಡಂ ತುಟಿಯೂ ಅಲ್ಲಾಡುತ್ತಿತ್ತು. ಬಾಗಿಲು ತೆರೆದಾಗ ಮೊದಲು ಕಂಡದ್ದು ಹೆಂಕ್ ಅವರ ಎತ್ತಿದ ಎರಡು ಕೈ. ಎರಡೂ ದೇಶ ಒಪ್ಪಿದ್ದವು. ಮೊದಲ ಬಟ್ಟೆ ಅರ್ಧ ಸವದತ್ತಿ ಕಡೆಯ ಕಾಲುವೆಯ ಒಡ್ಡಿಗೆ, ಅರ್ಧ ಹಾಲೆಂಡಿನ ಒಡ್ಡಿಗೆ. ನೇಯ್ಗೆ ಎಲ್ಲವೂ ರಾಮದುರ್ಗದಲ್ಲಿ. ಆನೆಕೆ ಆರು ತಿಂಗಳು ನಮ್ಮಲ್ಲೇ ಬಂದು ಇರುತ್ತಾಳೆ. ನಾನು ಸಂತೋಷ ತಡೆಯಲಾರದೆ ಹೆಂಕ್ ಅವರನ್ನು ಅಪ್ಪಿಕೊಳ್ಳಲು ಹೋದೆ, ಸೊಂಟಕ್ಕಷ್ಟೇ ಎಟುಕಿತು. ಶಬಾನಾ ಮೇಡಂ ಗೋಡೆಗೆ ಒರಗಿ ಮಕ್ಕಳ ಹಾಗೆ ಅಳುತ್ತಿದ್ದರು.

ದಿಲ್ಲಿಯ ಅಧಿಕಾರಿ ಮೇಜಿಗೆ ಕೂತು ಒಂದು ನಮೂನೆ ತೆಗೆದರು. ಸಂಶೋಧನೆಯಲ್ಲಿ ಕೆಲಸ ಮಾಡುವವರ ಹೆಸರುಗಳನ್ನು ಬರೆಯುವ ಹಾಳೆ. ಮೇಲೆ ಹೆಂಕ್, ಶಬಾನಾ ಮೇಡಂ, ಆನೆಕೆ ಎಂದು ಆಗಲೇ ಇತ್ತು. ಅದರ ಕೆಳಗೆ ನನ್ನ ಹೆಸರು ಬರೆದು, ಮುಂದೆ ತಂತ್ರಜ್ಞೆ ಎಂದು ಬರೆದರು. ಈ ಕೆಲಸ ಬಲ್ಲವರು ನಿಮ್ಮೂರಲ್ಲಿ ಇನ್ನು ಯಾರಿದ್ದಾರೆ ಎಂದು ಮೇಡಂ ಮೂಲಕ ಕೇಳಿದರು.

ಕಮಲವ್ವ ಎಂದೆ. ಬರೆದರು, ಮುಂದೆ ತಂತ್ರಜ್ಞೆ ಎಂದರು. ಮೂಲಿಮನಿ ಶಾಂತವ್ವ. ತಂತ್ರಜ್ಞೆ. ಬಾಜೂಮನಿ ರಾಜಮಾ, ಅವಳ ಸೊಸೆ ಹಸೀನಾ. ಗೌರವ್ವ, ಈಗ ಹೊಲದ ಕೂಲಿಗೆ ಹೋಗುತ್ತಾಳೆ, ಆದರೂ ಬರೆಯಿರಿ ಎಂದೆ. ಬರೆದರು. ಹಾಳೆ ತುಂಬಿತು. ಅವರು ಇನ್ನೊಂದು ಹಾಳೆ ತೆಗೆದುಕೊಂಡು, ಪೆನ್ನು ಹಿಡಿದು ನನ್ನ ಕಡೆ ನೋಡಿದರು. ನಾನು ದನಿ ಎತ್ತಿ ಮುಂದಿನ ಹೆಸರು ಹೇಳಿದೆ.